ಈಜುಕೊಳಕ್ಕೆ ಹೀಟ್ ಪಂಪ್: ಮೊದಲು ಹೊದಿಕೆ, ಆಮೇಲೆ ಯಂತ್ರ

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ತೆರೆದ ಸಾರ್ವಜನಿಕ ಈಜುಕೊಳ. ಉದ್ದ 25 ಮೀಟರ್, ಅಗಲ 12.5 ಮೀಟರ್, ಸರಾಸರಿ ಆಳ 1.4 ಮೀಟರ್. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಬ್ಯಾಚಿಗೆ ಜನವೇ ಬರುವುದಿಲ್ಲ, ನೀರು 21–22 ಡಿಗ್ರಿಗೆ ಇಳಿದಿರುತ್ತದೆ. ಮಳೆಗಾಲದಲ್ಲೂ ಮಕ್ಕಳು ನಡುಗುತ್ತಾರೆ. ಒಬ್ಬರು 90 ಕಿಲೋವ್ಯಾಟ್‌ನ ಎಲೆಕ್ಟ್ರಿಕ್ ಹೀಟರ್‌ಗೆ ಕೊಟೇಶನ್ ಕೊಟ್ಟಿದ್ದಾರೆ, ಇನ್ನೊಬ್ಬರು ಹೀಟ್ ಪಂಪ್‌ಗೆ. ಈಗಲೇ ಕರೆಂಟ್ ಬಿಲ್ಲು ಭಾರ. 10 ಎಚ್‌ಪಿ ಫಿಲ್ಟರ್ ಪಂಪ್ ಹಗಲು ರಾತ್ರಿ ಓಡುತ್ತದೆ. ಹೀಟ್ ಪಂಪ್‌ನಿಂದ ನಿಜಕ್ಕೂ ಉಳಿತಾಯ ಆಗುತ್ತದೆಯೇ? ಎಷ್ಟು ದೊಡ್ಡದು ಬೇಕು? ನಮ್ಮ ಚಳಿ, ಮಳೆ, ಥಂಡಿಗೆ ಅದು ಬಾಳಿಕೆ ಬರುತ್ತದೆಯೇ?

ಉತ್ತರ: ಎಲೆಕ್ಟ್ರಿಕ್ ಹೀಟರ್‌ನ ಕೊಟೇಶನ್ ಪಕ್ಕಕ್ಕಿಡಿ. ಹೀಟ್ ಪಂಪ್ ಸರಿಯಾದ ಯಂತ್ರವೇ. ಆದರೆ ಖರೀದಿ ಪಟ್ಟಿಯಲ್ಲಿ ಅದರ ಸ್ಥಾನ ಮೂರನೆಯದು. ಮೊದಲನೆಯದು ಕೊಳದ ಮೇಲಿನ ಹೊದಿಕೆ, ಎರಡನೆಯದು ನೀವು ಹೇಳಿದ ಆ ಫಿಲ್ಟರ್ ಪಂಪಿನ ವೇಗ ನಿಯಂತ್ರಣ. ಹೀಗೇಕೆ ಎನ್ನುವುದು ನಿಮ್ಮ ಕೊಳದ ಲೆಕ್ಕ ಹಾಕಿದರೆ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಕೊಳದ ಮೇಲ್ಮೈ 312 ಚದರ ಮೀಟರ್, ನೀರು ಸುಮಾರು 4.37 ಲಕ್ಷ ಲೀಟರ್. ಇಷ್ಟು ನೀರನ್ನು ಒಂದೇ ಒಂದು ಡಿಗ್ರಿ ಏರಿಸಲು ಸುಮಾರು 510 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಎಲೆಕ್ಟ್ರಿಕ್ ಹೀಟರ್ ಆದರೆ 510 ಯೂನಿಟ್ ಕರೆಂಟೇ ಸುಡಬೇಕು. ಹೀಟ್ ಪಂಪ್ ಶಾಖವನ್ನು ತಾನೇ ಹುಟ್ಟಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಅದು ಎಷ್ಟು ಯೂನಿಟ್ ಶಾಖ ದಾಟಿಸುತ್ತದೋ ಅದಕ್ಕೇ ಸಿಒಪಿ ಎನ್ನುವುದು. ಸಿಒಪಿ 4.5 ಇದ್ದರೆ ಅದೇ ಕೆಲಸ 113 ಯೂನಿಟ್‌ನಲ್ಲಿ ಮುಗಿಯುತ್ತದೆ. 22ರಿಂದ 27 ಡಿಗ್ರಿಗೆ ಏರಿಸಲು ಬೇಕಾದ ಶಾಖ 2,550 ಯೂನಿಟ್. ಇದು ಸೀಸನ್ನಿನ ಶುರುವಿನಲ್ಲಿ ಒಂದು ಸಲದ ಖರ್ಚು. ಬಿಲ್ಲು ಏರಿಸುವುದು ಇದಲ್ಲ, ಪ್ರತಿ ರಾತ್ರಿ ಕೊಳ ಕಳೆದುಕೊಳ್ಳುವ ಶಾಖ.

ಆ ಶಾಖದ ದೊಡ್ಡ ಪಾಲು ಹೋಗುವುದು ಆವಿಯಾಗಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಯೂನಿಟ್ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ, ಎಂದರೆ 1,000 ಲೀಟರ್ ನೀರು ಅರ್ಧ ಡಿಗ್ರಿಗೂ ಹೆಚ್ಚು ತಣಿಯುವಷ್ಟು. ಡಿಸೆಂಬರ್‌ನ ಬೆಳಗಿನ ಜಾವ ಕೊಳದ ಮೇಲೆ ಹೊಗೆಯಂತೆ ಏಳುವುದನ್ನು ನೀವು ನೋಡಿಯೇ ಇರುತ್ತೀರಿ. ಅದು ನಿಮ್ಮ ಬಿಲ್ಲು. ಇದರ ಜೊತೆಗೆ ಮೋಡವಿಲ್ಲದ ರಾತ್ರಿಯಲ್ಲಿ ನೀರು ಆಕಾಶಕ್ಕೆ ನೇರವಾಗಿ ಶಾಖ ಬಿಟ್ಟುಕೊಡುತ್ತದೆ, ತಣ್ಣನೆಯ ಗಾಳಿಯೂ ಒಂದಿಷ್ಟು ಒಯ್ಯುತ್ತದೆ. 27 ಡಿಗ್ರಿ ನೀರು, 16 ಡಿಗ್ರಿ ಗಾಳಿ, ಹೊದಿಕೆ ಇಲ್ಲ ಎಂದು ಹಿಡಿದರೆ 13 ಗಂಟೆಯ ರಾತ್ರಿಯಲ್ಲಿ ನಿಮ್ಮ ಕೊಳ ಸಾವಿರ ಯೂನಿಟ್‌ಗಿಂತ ಹೆಚ್ಚು ಶಾಖ ಕಳೆದುಕೊಳ್ಳುತ್ತದೆ, ಅಂದರೆ ಎರಡು ಡಿಗ್ರಿಯ ಆಸುಪಾಸು. ಹಗಲಿನ ಬಿಸಿಲು ಇದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಮಲೆನಾಡಿನ ಚಳಿಗಾಲದ ಹಗಲು ಸ್ವಚ್ಛ ಬಿಸಿಲಿನದು. ಆದರೆ ಬೆಳಗಿನ, ಸಂಜೆಯ ಬ್ಯಾಚಿನಲ್ಲಿ ನೀರು ಕದಡುವಾಗ ಆವಿ ಇನ್ನೂ ಜಾಸ್ತಿ. ಎಲ್ಲ ಕೂಡಿ ಕಳೆದರೆ ಹೊದಿಕೆ ಇಲ್ಲದ ನಿಮ್ಮ ಕೊಳಕ್ಕೆ ಡಿಸೆಂಬರ್–ಜನವರಿಯಲ್ಲಿ ದಿನಕ್ಕೆ ಸುಮಾರು 900 ಯೂನಿಟ್ ಶಾಖದ ಕೊರತೆ ಬೀಳುತ್ತದೆ. ಮರದ ನೆರಳು, ಗಾಳಿಯ ಬೀಸು ನೋಡಿಕೊಂಡು ಈ ಅಂದಾಜು ಹಿಂದುಮುಂದಾಗುತ್ತದೆ.

ಈ 900ಕ್ಕೆ ಎಲೆಕ್ಟ್ರಿಕ್ ಹೀಟರ್ 900 ಯೂನಿಟ್ ಕರೆಂಟ್ ತಿನ್ನುತ್ತದೆ, ಹೀಟ್ ಪಂಪ್ 200. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ 7,200 ರೂಪಾಯಿ ಎಲ್ಲಿ, 1,600 ಎಲ್ಲಿ! ನಿಮ್ಮ ಮೆಸ್ಕಾಂ ಬಿಲ್ಲಿನಲ್ಲಿರುವ ನಿಜವಾದ ದರ ಹಾಕಿ ನೋಡಿ, ಅನುಪಾತ ಬದಲಾಗುವುದಿಲ್ಲ. ಇಷ್ಟೇ ಶಾಖವನ್ನು ಡೀಸೆಲ್ ಬಾಯ್ಲರಿನಿಂದ ಪಡೆಯಬೇಕಾದರೆ ದಿನಕ್ಕೆ 100 ಲೀಟರ್ ಡೀಸೆಲ್ ಬೇಕು. ಅದನ್ನು ಯೋಚಿಸುವುದೇ ಬೇಡ. ಹೀಟರ್‌ನಿಂದ ಮಂಜೂರಾದ ಲೋಡಿಗೂ ಪೆಟ್ಟು. 90 ಬೇಡ, ನಿಮ್ಮ ಕೊಳಕ್ಕೆ ಸಾಕಾಗುವ 65 ಕಿಲೋವ್ಯಾಟ್ ಹೀಟರ್ ಕೂಡ ಮೂರು ಫೇಸಿನಲ್ಲಿ ಫೇಸಿಗೆ 90 ಆಂಪಿಯರ್ ಎಳೆಯುತ್ತದೆ. ಅಷ್ಟೇ ಶಾಖ ಕೊಡುವ ಹೀಟ್ ಪಂಪ್ 25 ಆಂಪಿಯರ್ ಆಸುಪಾಸಿನಲ್ಲಿರುತ್ತದೆ. ಹೊಸ ಕೇಬಲ್, ಹೆಚ್ಚುವರಿ ಲೋಡಿನ ಠೇವಣಿ, ತಿಂಗಳು ತಿಂಗಳೂ ಕಟ್ಟಬೇಕಾದ ನಿಗದಿತ ಶುಲ್ಕ ಇವೆಲ್ಲ ಕೊಟೇಶನ್ನಿನಲ್ಲಿ ಕಾಣುವುದಿಲ್ಲ.

ಈಗ ಅದೇ ಕೊಳಕ್ಕೆ ರಾತ್ರಿ ಹೊದಿಕೆ ಹಾಕಿ. ಆವಿ ಹೆಚ್ಚುಕಡಿಮೆ ನಿಂತುಹೋಗುತ್ತದೆ, ರಾತ್ರಿಯ ನಷ್ಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ದಿನದ ಕೊರತೆ 900ರಿಂದ 300–400ಕ್ಕೆ ಬರುತ್ತದೆ. ಹೀಟ್ ಪಂಪಿಗೆ ಬೇಕಾಗುವ ಕರೆಂಟ್ 80 ಯೂನಿಟ್. ಹೊದಿಕೆ ಇಲ್ಲದೆ ಹೀಟ್ ಪಂಪ್ ಹಾಕುವುದೆಂದರೆ ಬಚ್ಚಲ ಹಂಡೆಯ ಮುಚ್ಚಳ ತೆಗೆದಿಟ್ಟು ಒಲೆಗೆ ಕಟ್ಟಿಗೆ ತುರುಕಿದ ಹಾಗೆ.

ಹೊದಿಕೆಯ ವಿವರ

ಗುಳ್ಳೆ ಗುಳ್ಳೆ ಇರುವ ಬಬಲ್ ಕವರ್ ಕೇಳಿ, 400ರಿಂದ 500 ಮೈಕ್ರಾನ್ ದಪ್ಪ, ಬಿಸಿಲಿಗೂ ಕ್ಲೋರಿನ್‌ಗೂ ತಡೆಯುವ ಯುವಿ ಗುಣಮಟ್ಟದ್ದು. ಗುಳ್ಳೆಗಳ ಮುಖ ಕೆಳಗೆ, ನೀರಿನ ಕಡೆಗೆ. ಇಡೀ ಕೊಳಕ್ಕೆ ಒಂದೇ ತುಂಡು ತರಿಸಬೇಡಿ. ಅದನ್ನು ಎಳೆಯಲು ಆರು ಜನ ಬೇಕಾಗುತ್ತದೆ, ಎರಡನೇ ವಾರದಿಂದ ಯಾರೂ ಎಳೆಯುವುದಿಲ್ಲ. ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿಸಿ, ಒಂದೊಂದೂ ಸುಮಾರು 3.1 ಮೀಟರ್ ಅಗಲ, 25 ಮೀಟರ್ ಉದ್ದ. ಒಂದು ಪಟ್ಟಿ ಸುಮಾರು 30 ಕಿಲೋ ತೂಗುತ್ತದೆ. ರೋಲರ್ ಇದ್ದರೆ ಇಬ್ಬರು ಹತ್ತು ಹದಿನೈದು ನಿಮಿಷದಲ್ಲಿ ನಾಲ್ಕನ್ನೂ ಸುತ್ತಿಡಬಹುದು. ಚಕ್ರವಿರುವ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ರೋಲರ್ ಸ್ಟ್ಯಾಂಡಿಗೆ ಹಣ ಉಳಿಸಲು ಹೋಗಬೇಡಿ. ರೋಲರ್ ಇಲ್ಲದ ಹೊದಿಕೆ ಕೊನೆಗೆ ಮೂಲೆಯಲ್ಲಿ ಮುದುಡಿ ಬಿದ್ದಿರುತ್ತದೆ.

ಟಾರ್ಪಾಲಿನ್ ಸಾಲದೇ ಎಂದು ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲದು. ಅದು ತೇಲುವುದಿಲ್ಲ, ನಡುವೆ ಮುಳುಗಿ ಮೇಲೆ ನೀರು ನಿಲ್ಲುತ್ತದೆ, ಆ ನೀರು ಆವಿಯಾಗುತ್ತಲೇ ಇರುತ್ತದೆ.

ಸುರಕ್ಷತೆಯ ಮಾತು ಇಲ್ಲಿ ಮುಖ್ಯ. ನಾಲ್ಕೂ ಪಟ್ಟಿ ಪೂರ್ತಿ ತೆಗೆಯುವವರೆಗೆ ಯಾರೂ ನೀರಿಗಿಳಿಯಬಾರದು. ಹೊದಿಕೆಯ ಕೆಳಗೆ ಸೇರಿಕೊಂಡ ಮಗು ಲೈಫ್‌ಗಾರ್ಡ್‌ಗೆ ಕಾಣುವುದಿಲ್ಲ. ಅರ್ಧ ಕೊಳ ತೆರೆದು ಅರ್ಧ ಮುಚ್ಚಿ ಬ್ಯಾಚ್ ನಡೆಸುವುದೂ ಬೇಡ. ಕ್ಲೋರಿನ್ ಹೆಚ್ಚು ಹಾಕಿದ ರಾತ್ರಿ ಹೊದಿಕೆ ತೆಗೆದೇ ಇಡಿ, ಇಲ್ಲದಿದ್ದರೆ ಅನಿಲ ಕೆಳಗೆ ಸಿಕ್ಕಿಕೊಂಡು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹೊದಿಕೆಯನ್ನು ಮೂರರಿಂದ ಐದು ವರ್ಷ ಬಾಳುವ ಸಾಮಾನು ಎಂದು ಬಜೆಟ್ಟಿನಲ್ಲಿ ಬರೆಯಿರಿ.

ಗಾಳಿಯನ್ನೂ ಮರೆಯಬೇಡಿ. ನೀರಿನ ಮೇಲೆ ಗಾಳಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್‌ನಿಂದ ಎರಡು ಮೀಟರ್‌ಗೆ ಏರಿದರೆ ಆವಿ ಹತ್ತಿರ ಹತ್ತಿರ ದುಪ್ಪಟ್ಟು. ಗಾಳಿ ಬರುವ ದಿಕ್ಕಿಗೆ ಆಳೆತ್ತರದ ಗೋಡೆಯೋ ದಟ್ಟ ಬೇಲಿಯೋ ಇದ್ದರೆ ಬ್ಯಾಚ್ ನಡೆಯುವಾಗಿನ ನಷ್ಟವೂ ತಗ್ಗುತ್ತದೆ. ಆ ಹೊತ್ತಿನಲ್ಲಿ ಹೊದಿಕೆಯಿಂದ ಪ್ರಯೋಜನವಿಲ್ಲವಲ್ಲ.

ದಿನವಿಡೀ ಓಡುವ ಪಂಪ್

ನಿಮ್ಮ 10 ಎಚ್‌ಪಿ ಪಂಪ್ 24 ಗಂಟೆ ಓಡಿದರೆ ದಿನಕ್ಕೆ 180–200 ಯೂನಿಟ್. ಮೇಲಿನ ಲೆಕ್ಕದ ಪಕ್ಕದಲ್ಲಿ ಇದನ್ನಿಡಿ: ಹೊದಿಕೆ ಹಾಕಿದ ಕೊಳವನ್ನು ಬೆಚ್ಚಗಿಡುವ ಖರ್ಚಿನ ದುಪ್ಪಟ್ಟಿಗೂ ಹೆಚ್ಚು ಈಗಾಗಲೇ ನೀರು ತಿರುಗಿಸುವುದಕ್ಕೇ ಹೋಗುತ್ತಿದೆ.

ಪಂಪಿಗೆ ವಿಎಫ್‌ಡಿ, ಅಂದರೆ ಮೋಟರಿನ ವೇಗ ಏರಿಳಿಸುವ ಸಾಧನ, ಹಾಕಿಸಿ. ಪಂಪಿನ ವೇಗ 80 ಶೇಕಡಕ್ಕೆ ಇಳಿದರೆ ನೀರಿನ ಹರಿವು 80 ಶೇಕಡ ಇರುತ್ತದೆ, ಆದರೆ ವಿದ್ಯುತ್ ಸರಿಸುಮಾರು ಅರ್ಧಕ್ಕೆ ಬೀಳುತ್ತದೆ; ವಿದ್ಯುತ್ತು ವೇಗದ ಮೂರನೇ ಘಾತದ ಜೊತೆ ಏರಿಳಿಯುವುದರಿಂದ ಹೀಗೆ. ಬ್ಯಾಚ್ ನಡೆಯುವ ಹೊತ್ತು ಮತ್ತು ಅದರ ನಂತರದ ಒಂದು ಗಂಟೆ ಪೂರ್ತಿ 50 ಹರ್ಟ್ಸ್, ಉಳಿದ ಹೊತ್ತು 38–40 ಹರ್ಟ್ಸ್. ದಿನಕ್ಕೆ ಎಂಟು ಗಂಟೆ ಪೂರ್ಣ ವೇಗ ಎಂದು ಹಿಡಿದರೂ 60–70 ಯೂನಿಟ್ ಉಳಿಯುತ್ತದೆ. ಹೀಟ್ ಪಂಪಿನ ಖರ್ಚಿನ ಹೆಚ್ಚಿನ ಪಾಲು ಇಲ್ಲೇ ಹುಟ್ಟಿತು. ಡೆಲಿವರಿ ವಾಲ್ವನ್ನು ಅರ್ಧ ಮುಚ್ಚಿ ಹರಿವು ತಗ್ಗಿಸುವ ಅಭ್ಯಾಸ ಬಹಳ ಕಡೆ ಇದೆ. ಅದರಿಂದ ಹರಿವು ಇಳಿಯುತ್ತದೆಯೇ ಹೊರತು ಬಿಲ್ಲು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ.

ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರಿನ ಮರಳು ತೊಳೆಯುವುದು) ಮಾತ್ರ ಪೂರ್ಣ ವೇಗದಲ್ಲೇ ಆಗಬೇಕು, ಇಲ್ಲದಿದ್ದರೆ ಮರಳು ಮೇಲೆದ್ದು ತೊಳೆಯುವುದಿಲ್ಲ. ಫಿಲ್ಟರ್ ಗೇಜಿನ ಒತ್ತಡ ಸ್ವಚ್ಛವಿದ್ದಾಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಅರ್ಧದಿಂದ ಮುಕ್ಕಾಲು ಕೆಜಿ ಏರಿದಾಗ ಬ್ಯಾಕ್‌ವಾಶ್ ಮಾಡಿ. ವಾರಕ್ಕಿಷ್ಟು ಎಂದು ಲೆಕ್ಕವಿಟ್ಟು ಬಿಸಿ ನೀರನ್ನು ಚರಂಡಿಗೆ ಬಿಡಬೇಡಿ. ಒಂದು ಬಕೆಟ್ ಪರೀಕ್ಷೆಯೂ ಆಗಲಿ. ಬಕೆಟ್‌ನಲ್ಲಿ ಕೊಳದ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಅದರ ಒಳಮಟ್ಟ, ಹೊರಮಟ್ಟ ಒಂದೇ ಇರುವಂತೆ ಇಡಿ, ನೀರು ತುಂಬಿಸುವ ನಲ್ಲಿ ಬಂದ್ ಮಾಡಿ, ಬ್ಯಾಚ್ ಇಲ್ಲದ ಒಂದು ದಿನ ಬಿಟ್ಟು ಎರಡನ್ನೂ ಅಳೆಯಿರಿ. ಬಕೆಟ್‌ನಲ್ಲಿ ಇಳಿದದ್ದು ಆವಿ. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ. ಸೋರುವ ಕೊಳಕ್ಕೆ ಯಾವ ಹೀಟ್ ಪಂಪೂ ಸಾಲದು.

ಹೀಟ್ ಪಂಪ್ ಎಷ್ಟು ದೊಡ್ಡದು?

ಕೊಟೇಶನ್ನಿನಲ್ಲಿ ಕೊಟ್ಟಿರುವ ಕಿಲೋವ್ಯಾಟ್ ಯಾವ ಹವೆಗೆ ಎಂದು ಮೊದಲು ನೋಡಿ. ತಯಾರಕರು ಸಾಮಾನ್ಯವಾಗಿ ದೊಡ್ಡ ಅಕ್ಷರದಲ್ಲಿ ಬರೆಯುವುದು ಗಾಳಿ 27 ಡಿಗ್ರಿ, ತೇವಾಂಶ 80 ಶೇಕಡ, ನೀರು 26 ಡಿಗ್ರಿ ಇದ್ದಾಗಿನ ಅಂಕಿ. ಅದು ನಿಮ್ಮ ಮೇ ತಿಂಗಳ ಸಂಜೆ. ಆಗ ಕೊಳ ಕಾಯಿಸುವ ಅಗತ್ಯವೇ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಗಾಳಿ 15 ಡಿಗ್ರಿ, ತೇವಾಂಶ 70 ಶೇಕಡ, ನೀರು 26 ಡಿಗ್ರಿ. ಶಿವಮೊಗ್ಗದ ಜನವರಿ ಬೆಳಗಿಗೆ ಒಪ್ಪುವುದು ಈ ಸಾಲು. ಮೊದಲ ಸಾಲಿನಲ್ಲಿ ಸಿಒಪಿ 5.5–6 ಇರುವ ಯಂತ್ರಕ್ಕೆ ಇಲ್ಲಿ 4–4.5 ಇರುತ್ತದೆ, ಶಾಖದ ಸಾಮರ್ಥ್ಯವೂ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿರುತ್ತದೆ. ಈ ಎರಡನೇ ಸಾಲು ಇಲ್ಲದ ಕೊಟೇಶನ್ ಹಿಂದಕ್ಕೆ ಕಳಿಸಿ.

ಕಂಪ್ರೆಸರ್ ವೇಗವನ್ನು ತಾನೇ ಏರಿಳಿಸುವ ಇನ್ವರ್ಟರ್ ಯಂತ್ರಗಳಿಗೆ ಸಿಒಪಿ 12, 16 ಎಂದೆಲ್ಲ ಬರೆದಿರುತ್ತಾರೆ. ಸುಳ್ಳಲ್ಲ, ಆದರೆ ಅದು ಬೆಚ್ಚನೆ ಹವೆಯಲ್ಲಿ ಕಂಪ್ರೆಸರ್ ಐದನೇ ಒಂದು ಭಾಗದ ವೇಗದಲ್ಲಿ ತೆವಳುವಾಗಿನ ಅಂಕಿ. ಪೂರ್ಣ ವೇಗದ ಅಂಕಿ ಕೇಳಿ.

ನಿಮ್ಮ ಕೊಳಕ್ಕೆ 15 ಡಿಗ್ರಿಯ ಸಾಲಿನಲ್ಲಿ ಒಟ್ಟು 65–70 ಕಿಲೋವ್ಯಾಟ್ ಶಾಖ ಸಾಕು. ಹೊದಿಕೆ ಹಾಕಲು ಮರೆತ ದಿನದ 900 ಯೂನಿಟ್ ಕೊರತೆಯನ್ನೂ 14 ಗಂಟೆಯಲ್ಲಿ ತುಂಬಿಸುವಷ್ಟು ಶಕ್ತಿ ಅದು. ಹೊದಿಕೆ ತಪ್ಪದೆ ಬೀಳುತ್ತದೆ ಎಂಬ ಖಾತ್ರಿ ಇದ್ದರೆ 60ಕ್ಕೂ ಇಳಿಯಬಹುದು. ಒಂದು ದೊಡ್ಡ ಯಂತ್ರದ ಬದಲು 30–35ರ ಎರಡು ತೆಗೆದುಕೊಳ್ಳಿ. ಬಿಡಿಭಾಗ ಬೆಂಗಳೂರಿನಿಂದ ಬರಬೇಕಾದ ಊರಿನಲ್ಲಿ ಒಂದು ಕೆಟ್ಟಾಗ ಇನ್ನೊಂದು ಬ್ಯಾಚ್ ಉಳಿಸುತ್ತದೆ. 90–100 ಕಿಲೋವ್ಯಾಟ್ ಹಾಕಿದರೆ ಬೇಗ ಬಿಸಿಯಾಗುತ್ತದೆ ಎನ್ನುವ ವಾದಕ್ಕೆ ಬೀಳಬೇಡಿ. ಸೀಸನ್ನಿಗೆ ಒಂದು ಸಲ ಎರಡು ದಿನ ಉಳಿಸಲು ಅಷ್ಟು ಹಣ ಹಾಕುವುದು ದಂಡ.

ತಾಪಮಾನ ಎಷ್ಟಿಡಬೇಕು? ಸ್ಪರ್ಧೆಯ ಕೊಳಗಳಿಗೆ ವರ್ಲ್ಡ್ ಅಕ್ವಾಟಿಕ್ಸ್ ನಿಯಮ 25ರಿಂದ 28 ಡಿಗ್ರಿ. ಕಲಿಯುವ ಚಿಕ್ಕ ಮಕ್ಕಳಿಗೆ 28–29 ಹಿತ. ಮಿಶ್ರ ಬ್ಯಾಚಿನ ನಿಮಗೆ 27 ಸರಿ. ಹೊದಿಕೆ ಇಲ್ಲದಿದ್ದರೆ ಮೇಲಿನ ಒಂದೊಂದು ಡಿಗ್ರಿಗೂ ದಿನಕ್ಕೆ ಸುಮಾರು 50 ಯೂನಿಟ್ ಕರೆಂಟ್ ಹೆಚ್ಚುವರಿ. ಪೋಷಕರೊಬ್ಬರು ಬಂದು ತಣ್ಣಗಿದೆ ಎಂದ ಕೂಡಲೇ ಬಟನ್ ಒತ್ತುವ ಸಿಬ್ಬಂದಿಗೆ ಇದನ್ನು ಬರೆದು ಅಂಟಿಸಿ. ಪ್ಯಾನೆಲ್‌ಗೆ ಪಾಸ್‌ವರ್ಡ್ ಇದ್ದರೆ ಇನ್ನೂ ವಾಸಿ.

ಓಡಿಸುವ ಹೊತ್ತು

ಇಲ್ಲಿ ಬಹಳಷ್ಟು ಕೊಳಗಳು ತಪ್ಪುತ್ತವೆ. ಬೆಳಗಿನ 6ರ ಬ್ಯಾಚಿಗೆ ನೀರು ಬೆಚ್ಚಗಿರಲಿ ಎಂದು ಮಧ್ಯರಾತ್ರಿ ಶುರುಮಾಡಿ ಬೆಳಗಿನವರೆಗೆ ಓಡಿಸುತ್ತಾರೆ. ಅದು ಗಾಳಿ ಅತಿ ತಣ್ಣಗಿರುವ ಹೊತ್ತು, ಸಿಒಪಿ ಅತಿ ಕಡಿಮೆ. ಅದೇ ಯಂತ್ರ ಮಧ್ಯಾಹ್ನ 11ರಿಂದ 5ರವರೆಗೆ, ಗಾಳಿ 27–29 ಡಿಗ್ರಿ ಇರುವಾಗ ಓಡಿದರೆ ಅದೇ ಕರೆಂಟಿಗೆ ಮೂರನೇ ಒಂದು ಭಾಗದಷ್ಟು ಹೆಚ್ಚು ಶಾಖ ಕೊಡುತ್ತದೆ. ನಾಲ್ಕು ಲಕ್ಷ ಲೀಟರ್ ನೀರೇ ನಿಮ್ಮ ಶಾಖದ ಗೋದಾಮು. ಸಂಜೆಗೆ 27.8ಕ್ಕೆ ಏರಿಸಿ, ಕೊನೆಯ ಬ್ಯಾಚ್ ಮುಗಿದ ಕೂಡಲೇ ಹೊದಿಕೆ ಎಳೆದರೆ ಬೆಳಿಗ್ಗೆ 27ರ ಹತ್ತಿರ ಸಿಗುತ್ತದೆ. ಛಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ, ಅಥವಾ ಮುಂದೆ ಹಾಕಿಸುವ ಯೋಚನೆ ಇದ್ದರೆ, ಈ ಹೊತ್ತು ಅದಕ್ಕೂ ಒಪ್ಪುತ್ತದೆ. ನಿಮ್ಮ ಸಂಪರ್ಕಕ್ಕೆ ಹೊತ್ತಿಗೊಂದು ದರ ಇದ್ದರೆ ಬಿಲ್ಲಿನಲ್ಲಿ ನೋಡಿ, ಬೆಳಗಿನ ಮತ್ತು ಸಂಜೆಯ ಪೀಕ್ ಗಂಟೆಗಳಲ್ಲಿ ಟೈಮರ್ ಆಫ್ ಇಡಿ. ಹಾಗಲ್ಲದೆ ಮಧ್ಯಾಹ್ನವೇ ಸರಿ.

ಮಳೆಗಾಲದ ಬಗ್ಗೆ ನಿಮಗಿರುವ ಭಯಕ್ಕೆ ಕಾರಣವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವೆ 21–27 ಡಿಗ್ರಿ, ಗಾಳಿ ತೇವದಿಂದ ತುಂಬಿರುತ್ತದೆ. ಇಷ್ಟು ತೇವದ ಗಾಳಿಯಲ್ಲಿ ನೀರು ಆವಿಯಾಗುವುದು ಡಿಸೆಂಬರ್‌ಗಿಂತ ಹೆಚ್ಚುಕಡಿಮೆ ಅರ್ಧ. ಮೇಲಾಗಿ ಹೀಟ್ ಪಂಪಿನ ತಣ್ಣನೆ ಕಾಯಿಲ್ ಮೇಲೆ ಆ ತೇವ ನೀರಾಗಿ ಇಳಿಯುವಾಗ ತನ್ನ ಶಾಖವನ್ನು ಬಿಟ್ಟುಕೊಟ್ಟು ಹೋಗುತ್ತದೆ. ಹಾಗಾಗಿ ಮಲೆನಾಡಿನ ಮಳೆಗಾಲ ಈ ಯಂತ್ರಕ್ಕೆ ಹಬ್ಬ. ಬಿಸಿಲಿಲ್ಲದೆ ಸೋಲಾರ್ ಹೀಟರ್ ಕೈಕೊಡುವ ಕಾಲ ಇದೇ, ಆ ಕಾರಣಕ್ಕೇ ತೀರ್ಥಹಳ್ಳಿ, ಹೊಸನಗರದ ಕಡೆಗೆ ಹೀಟ್ ಪಂಪ್ ಇನ್ನೂ ಸೂಕ್ತ. 50 ಮಿಲಿಮೀಟರ್ ಮಳೆ ನೇರವಾಗಿ ಕೊಳಕ್ಕೆ ಬಿದ್ದರೂ ಅದು 15,600 ಲೀಟರ್. ನೀರು ಇಳಿಯುವುದು ಸುಮಾರು 0.2 ಡಿಗ್ರಿ ಮಾತ್ರ. ಆಗುಂಬೆಯಂಥ ಕಡೆ ಬಿಡದೆ ಸುರಿದರೆ ಲೆಕ್ಕ ಬೇರೆ. ಮಳೆಯಿಂದ ಆಗುವ ನಿಜವಾದ ತೊಂದರೆ ಕ್ಲೋರಿನ್ ಮತ್ತು ಪಿಎಚ್ ಕೆಡುವುದು. ಅದನ್ನು ದಿನಕ್ಕೆ ಎರಡು ಸಲ ನೋಡಿಕೊಳ್ಳಬೇಕು.

ಕೂರಿಸುವಾಗ ಎಲ್ಲಿ ಎಡವುತ್ತಾರೆ

ಮಳೆ ಬೀಳದಿರಲಿ ಎಂದು ಹೀಟ್ ಪಂಪನ್ನು ಪಂಪ್ ರೂಮಿನ ಒಳಗೋ ತಗಡಿನ ಶೆಡ್ಡಿನ ಕೆಳಗೋ ಇಡುವುದು ಮೊದಲ ತಪ್ಪು. ಯಂತ್ರ ಉಗುಳುವುದು ತಣ್ಣನೆ ಗಾಳಿ. ಅದು ಹೊರಗೆ ಹೋಗದೆ ಮತ್ತೆ ಒಳಗೇ ಸುತ್ತಿದರೆ ಗಾಳಿ 10 ಡಿಗ್ರಿಗೆ ಇಳಿದು ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಯಂತ್ರ ಲೋ ಪ್ರೆಶರ್ ತೋರಿಸಿ ಟ್ರಿಪ್ ಆಗುತ್ತದೆ. ಇದು ಮಳೆಯಲ್ಲಿ ನಿಲ್ಲಲೆಂದೇ ಮಾಡಿದ ಯಂತ್ರ, ಬಯಲಲ್ಲೇ ಇಡಿ. ಗಾಳಿ ಬಿಡುವ ಕಡೆ ಮೂರು ಮೀಟರ್, ಹೀರುವ ಕಡೆ ಕನಿಷ್ಠ ಅರ್ಧ ಮೀಟರ್ ಖಾಲಿ ಇರಲಿ. ನೆಲದಿಂದ 20–30 ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ಕಟ್ಟೆ, ಕೆಳಗೆ ರಬ್ಬರ್ ಪ್ಯಾಡ್. ಹೆಂಚಿನ ಸೂರಿನ ನೀರು ಧಾರೆಯಾಗಿ ಬೀಳುವ ಜಾಗ ಮಾತ್ರ ಬೇಡ. ಕ್ಲೋರಿನ್ ಡ್ರಮ್ಮು, ಆ್ಯಸಿಡ್ ಕ್ಯಾನು ಹತ್ತಿರ ಸುಳಿಯಲೇಬಾರದು, ಅದರ ಹೊಗೆ ಅಲ್ಯೂಮಿನಿಯಂ ಫಿನ್ನುಗಳನ್ನು ಪುಡಿ ಮಾಡುತ್ತದೆ.

ನೀರಿನ ಕಡೆಯ ಹೀಟ್ ಎಕ್ಸ್‌ಚೇಂಜರ್ (ಯಂತ್ರದ ಶಾಖ ನೀರಿಗೆ ದಾಟುವ ಭಾಗ) ಟೈಟಾನಿಯಂನದೇ ಆಗಿರಲಿ. ತಾಮ್ರದ್ದಾದರೆ ಕ್ಲೋರಿನ್, ಇಳಿದ ಪಿಎಚ್ ಸೇರಿ ತೂತು ಮಾಡುತ್ತವೆ. ಅದಕ್ಕೂ ಮೊದಲು ಕೊಳದ ಟೈಲ್ಸ್ ಮೇಲೆ ಹಸಿರು ಕಲೆ ಕಾಣಿಸಿಕೊಳ್ಳುತ್ತದೆ. ಪೈಪಿನ ಅನುಕ್ರಮ ಹೀಗಿರಬೇಕು: ಪಂಪ್, ಫಿಲ್ಟರ್, ಹೀಟ್ ಪಂಪ್, ನಂತರ ಒಂದು ನಾನ್‌ರಿಟರ್ನ್ ವಾಲ್ವ್, ಅದಾದ ಮೇಲೆ ಕ್ಲೋರಿನ್ ಡೋಸಿಂಗ್. ಡೋಸಿಂಗ್ ಮೊದಲು ಬಂದರೆ ಗಾಢ ಕ್ಲೋರಿನ್ ನೇರ ಯಂತ್ರದೊಳಗೆ ಹೋಗುತ್ತದೆ. ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಕ್ಲೋರಿನ್ ಮಾತ್ರೆ ಇಡುವ ಅಭ್ಯಾಸವನ್ನೂ ಅಂದೇ ನಿಲ್ಲಿಸಿ. ಪಂಪ್ ನಿಂತಾಗ ಅಲ್ಲಿ ಕರಗಿ ಶೇಖರವಾದ ಆಮ್ಲದ ನೀರು ಪಂಪ್ ಶುರುವಾದ ಕೂಡಲೇ ಎಕ್ಸ್‌ಚೇಂಜರ್‌ಗೇ ನುಗ್ಗುತ್ತದೆ.

ನಿಮ್ಮ ಪಂಪ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 110 ಘನ ಮೀಟರ್ ಹರಿಸುತ್ತಿರಬೇಕು. 35 ಕಿಲೋವ್ಯಾಟ್‌ನ ಒಂದು ಯಂತ್ರಕ್ಕೆ ಬೇಕಾದದ್ದು 15. ಆದ್ದರಿಂದ ಮೂರು ವಾಲ್ವಿನ ಬೈಪಾಸ್ ಕಡ್ಡಾಯ. ಎರಡಕ್ಕೂ ಸೇರಿ 30 ಘನ ಮೀಟರ್ ಯಂತ್ರದ ಮೂಲಕ, ಉಳಿದದ್ದು ನೇರ ಕೊಳಕ್ಕೆ. ಒಳಬರುವ ಮತ್ತು ಹೊರಹೋಗುವ ನೀರಿನ ನಡುವೆ 2 ಡಿಗ್ರಿ ವ್ಯತ್ಯಾಸ ಬರುವಂತೆ ವಾಲ್ವ್ ಹೊಂದಿಸಿ ಹಿಡಿಕೆಗೆ ಗುರುತು ಹಾಕಿ. ನಲ್ಲಿಯಿಂದ ಕೈಗೆ ಬಿಸಿ ನೀರು ಬರಲಿಲ್ಲ ಎಂದು ಹರಿವು ತಗ್ಗಿಸುವವರಿದ್ದಾರೆ. ವ್ಯತ್ಯಾಸ 5 ಡಿಗ್ರಿ ಆದರೆ ನೋಡಲು ಚೆಂದ, ಆದರೆ ಒಳಗೆ ಒತ್ತಡ ಏರಿ ಸಿಒಪಿ ಬೀಳುತ್ತದೆ, ಹೈ ಪ್ರೆಶರ್ ಟ್ರಿಪ್ ಶುರುವಾಗುತ್ತದೆ. ವಿಎಫ್‌ಡಿಯನ್ನು 38 ಹರ್ಟ್ಸಿಗೆ ಇಳಿಸಿದಾಗಲೂ ಫ್ಲೋ ಸ್ವಿಚ್ (ನೀರಿನ ಹರಿವು ಸಾಲದಿದ್ದರೆ ಹೀಟ್ ಪಂಪ್ ನಿಲ್ಲಿಸುವ ಸ್ವಿಚ್) ಹಿಡಿದಿರುತ್ತದೆಯೇ ಎಂದು ಅಳವಡಿಸುವ ದಿನವೇ ಪರೀಕ್ಷಿಸಿ. ವಿಎಫ್‌ಡಿ ಹಾಕಿದವರು ಒಬ್ಬರು, ಹೀಟ್ ಪಂಪ್ ಹಾಕಿದವರು ಇನ್ನೊಬ್ಬರು ಆದಾಗ ಈ ಜಗಳ ಎಲ್ಲ ಕಡೆಯೂ ಇದ್ದದ್ದೇ. ಫಿಲ್ಟರ್ ಪಂಪ್ ಓಡದಿದ್ದರೆ ಹೀಟ್ ಪಂಪ್ ಶುರುವಾಗದಂತೆ ಇಂಟರ್‌ಲಾಕ್ ಇರಲಿ.

ವಿದ್ಯುತ್ ಕಡೆ ಮಲೆನಾಡಿಗೆ ಎರಡು ಶತ್ರುಗಳು, ಸಿಡಿಲು ಮತ್ತು ಫೇಸ್ ಹೋಗುವುದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೊದಲು ಪ್ಯಾನೆಲ್‌ನಲ್ಲಿ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಇರಬೇಕು. ಇವಿಲ್ಲದಿದ್ದರೆ ಕಂಟ್ರೋಲ್ ಬೋರ್ಡ್ ಹೋಗುತ್ತದೆ. ಫೇಸ್ ಫೇಲ್ಯೂರ್ ಮತ್ತು ಫೇಸ್ ಅನುಕ್ರಮ ನೋಡುವ ರಿಲೇ, ಕರೆಂಟ್ ಹೋಗಿ ಬಂದ ಮೇಲೆ ಮೂರು ನಿಮಿಷ ತಡೆಯುವ ಟೈಮರ್ ಕೇಳಿ ಹಾಕಿಸಿ. ಲೈನ್ ರಿಪೇರಿಯಾದ ಮೇಲೆ ಎರಡು ಫೇಸ್ ಅದಲುಬದಲಾಗಿ ಬಂದರೆ ಸ್ಕ್ರೋಲ್ ಕಂಪ್ರೆಸರ್ ಉಲ್ಟಾ ತಿರುಗಿ ಗರಗರ ಸದ್ದು ಮಾಡುತ್ತದೆ, ಬಿಸಿಯೂ ಮಾಡುವುದಿಲ್ಲ. ಕಂಟ್ರೋಲ್ ಪೆಟ್ಟಿಗೆಯ ಕೇಬಲ್ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ. ಬೆಚ್ಚಗಿನ ಆ ಪೆಟ್ಟಿಗೆಗೆ ಹಲ್ಲಿ, ಇರುವೆ ಬಂದೇ ಬರುತ್ತವೆ, ಕಾಂಟ್ಯಾಕ್ಟರ್ ನಡುವೆ ಸಿಕ್ಕಿದ ಒಂದು ಹಲ್ಲಿ ಸಾಕು.

ಮಳೆಗಾಲದಲ್ಲಿ ಒಂದು ದೂರು ಖಂಡಿತ ಬರುತ್ತದೆ: ಯಂತ್ರದ ಕೆಳಗೆ ನೀರು ಸೋರುತ್ತಿದೆ. ಬಹುಪಾಲು ಅದು ಗಾಳಿಯ ತೇವ ಕಾಯಿಲ್ ಮೇಲೆ ಇಳಿದ ನೀರು. ಒಂದೊಂದು ಯಂತ್ರದಿಂದ ಗಂಟೆಗೆ 10 ಲೀಟರ್‌ಗಿಂತ ಹೆಚ್ಚೂ ಬರಬಹುದು. ಅನುಮಾನವಿದ್ದರೆ ಆ ನೀರನ್ನೇ ಕ್ಲೋರಿನ್ ಟೆಸ್ಟ್ ಕಿಟ್‌ನಲ್ಲಿ ನೋಡಿ. ಬಣ್ಣ ಬರದಿದ್ದರೆ ಗಾಳಿಯ ನೀರು, ಬಣ್ಣ ಬಂದರೆ ಎಕ್ಸ್‌ಚೇಂಜರ್ ಸೋರುತ್ತಿದೆ, ಕೂಡಲೇ ನಿಲ್ಲಿಸಬೇಕು. ಈ ನೀರಿಗೆ ಮೊದಲೇ ಪೈಪ್ ಹಾಕಿ ಚರಂಡಿಗೆ ಬಿಡಿ, ಇಲ್ಲದಿದ್ದರೆ ಜುಲೈಗೆಲ್ಲ ಅಲ್ಲಿ ಪಾಚಿ ಕಟ್ಟಿ ಸಿಬ್ಬಂದಿ ಜಾರಿ ಬೀಳುತ್ತಾರೆ. ಫಿನ್ನುಗಳಿಗೆ ಅಂಟಿದ ಎಲೆ, ಧೂಳನ್ನು ತಿಂಗಳಿಗೊಮ್ಮೆ ಮೆದು ಬ್ರಷ್ಷು, ಸಣ್ಣ ಧಾರೆಯ ನೀರಿನಿಂದ ತೊಳೆಯಿರಿ. ಪ್ರೆಶರ್ ವಾಶರ್ ಹಿಡಿದರೆ ಫಿನ್ನು ಮಡಚಿ ಗಾಳಿಯೇ ನುಗ್ಗುವುದಿಲ್ಲ.

ಯಂತ್ರ ಹೇಳಿದಷ್ಟು ಕೊಡುತ್ತಿದೆಯೇ?

ಇದನ್ನು ನೀವೇ ಪರೀಕ್ಷಿಸಬಹುದು. ಹೀಟ್ ಪಂಪಿಗೆ ಪ್ರತ್ಯೇಕ ಎನರ್ಜಿ ಮೀಟರ್ ಮತ್ತು ನೀರಿನ ಲೈನಿಗೆ ಹರಿವು ಅಳೆಯುವ ಒಂದು ರೋಟಾಮೀಟರ್ ಟೆಂಡರಿನಲ್ಲೇ ಸೇರಿಸಿ. ಗಂಟೆಗೆ ಎಷ್ಟು ಘನ ಮೀಟರ್ ಹರಿವು, ಅದನ್ನು ಡಿಗ್ರಿ ವ್ಯತ್ಯಾಸದಿಂದ ಗುಣಿಸಿ, ಬಂದದ್ದನ್ನು 1.163ರಿಂದ ಗುಣಿಸಿದರೆ ಶಾಖದ ಕಿಲೋವ್ಯಾಟ್. ಹರಿವು 15, ವ್ಯತ್ಯಾಸ 2.0 ಡಿಗ್ರಿ ಆದರೆ 34.9 ಕಿಲೋವ್ಯಾಟ್. ಆ ಹೊತ್ತಿಗೆ ಮೀಟರ್ 8 ಕಿಲೋವ್ಯಾಟ್ ತೋರಿಸುತ್ತಿದ್ದರೆ ಸಿಒಪಿ 4.4. ಎರಡೂ ಕಡೆ ಒಂದೇ ಥರ್ಮಾಮೀಟರಿನಿಂದ ಅಳೆಯಿರಿ. ಎರಡು ಬೇರೆ ಬೇರೆ ಥರ್ಮಾಮೀಟರ್ ನಡುವೆ 0.2 ಡಿಗ್ರಿ ತಪ್ಪಿದ್ದರೂ ಉತ್ತರ 10 ಶೇಕಡ ಆಚೀಚೆ ಆಗುತ್ತದೆ. ಕೊನೆಯ ಕಂತಿನ ಹಣವನ್ನು ಡಿಸೆಂಬರ್‌ನ ಒಂದು ಬೆಳಿಗ್ಗೆ, ಗಾಳಿ 15–16 ಡಿಗ್ರಿ ಇರುವಾಗ ಮಾಡುವ ಈ ಪರೀಕ್ಷೆಗೆ ಕಟ್ಟಿಹಾಕಿ. ಏಪ್ರಿಲ್‌ನಲ್ಲಿ ಕಮಿಷನ್ ಮಾಡಿ ಸಹಿ ಹಾಕಿಸಿಕೊಂಡು ಹೋಗಲು ಬಿಡಬೇಡಿ. ಏಪ್ರಿಲ್‌ನಲ್ಲಿ ಎಂಥ ಯಂತ್ರವೂ ಪಾಸಾಗುತ್ತದೆ.

ಈ ಸೀಸನ್ನಿಗೆ ಹಣ ಒಟ್ಟಿಗೆ ಹೊಂದದಿದ್ದರೆ ಹೊದಿಕೆಯನ್ನೂ ವಿಎಫ್‌ಡಿಯನ್ನೂ ಈಗಲೇ ಹಾಕಿಸಿ, ಬ್ಯಾಚ್ ಮುಗಿದಾಗ ಮತ್ತು ಬೆಳಿಗ್ಗೆ ಶುರುವಾಗುವಾಗ ನೀರಿನ ತಾಪಮಾನ ಬರೆದಿಡಿ. ಒಂದು ಚಳಿಗಾಲದ ಆ ಲಾಗ್ ಬುಕ್ ಕೈಯಲ್ಲಿದ್ದರೆ ಹೀಟ್ ಪಂಪ್ ಎಷ್ಟು ಕಿಲೋವ್ಯಾಟ್ ಎನ್ನುವುದನ್ನು ಮಾರುವವರು ಹೇಳಬೇಕಾಗಿಲ್ಲ. ಯಂತ್ರ ಬಂದ ಮೇಲೆ ಡಿಸೆಂಬರ್‌ವರೆಗೆ ಕಾಯಬೇಡಿ. ನವೆಂಬರ್ ಮೊದಲ ವಾರ, ನೀರು ಇನ್ನೂ 25ರ ಹತ್ತಿರ ಇರುವಾಗಲೇ ಶುರುಮಾಡಿದರೆ 27ಕ್ಕೆ ಏರಿಸುವುದು ಎರಡು ಮೂರು ಮಧ್ಯಾಹ್ನದ ಕೆಲಸ.